ಕೆಳಗಿನ ಸಾಲನ್ನು ಕೊಯ್ಯಬೇಡಿ, ಮಾವ

ಬಾಡ್ ಪಿರ್ಮಾಂಟ್
ಅಕ್ಟೋಬರ್, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆ ಸಿಲ್ಕೆಯ ನಮಸ್ಕಾರಗಳು. ಫೋನು ಮಾಡುವುದು ಬಿಟ್ಟು ಇದೇನು ಕಾಗದ ಎಂದು ಕನ್ನಡಕ ಹುಡುಕುತ್ತಾ ಗೊಣಗುತ್ತಿದ್ದೀರಿ, ಗೊತ್ತು. ಫೋನು ಮಾಡಿದರೆ ನೀವು "ಹೂಂ, ತಡಿ, ಕೊಡ್ತೀನಿ" ಎಂದು ಅತ್ತೆಯ ಕೈಗೆ ದಾಟಿಸುತ್ತೀರಿ. ಮದುವೆಯಾಗಿ ಬಂದಂದಿನಿಂದ ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಪೋಸ್ಟ್‌ಕಾರ್ಡ್ ತುಂಬಲಾರದು. ಕಾಗದವನ್ನು ಹಾಗೆ ದಾಟಿಸುವುದು ಸುಲಭವಲ್ಲ. ಮೇಲೆ ನಿಮ್ಮ ಹೆಸರೇ ಇದೆ.

ನನ್ನ ಬೆನ್ನು ಪರವಾಗಿಲ್ಲ. ಬೆಳಿಗ್ಗೆ ಬಿಸಿ ಕೆಸರು ಮೆತ್ತುತ್ತಾರೆ, ಆಮೇಲೆ ತೊಟ್ಟಿಯಲ್ಲಿ ನೆನೆಹಾಕುತ್ತಾರೆ, ಕೊನೆಗೆ ತುಕ್ಕು ಹಿಡಿದ ಮೊಳೆಯ ರುಚಿಯ ಚಿಲುಮೆ ನೀರು ಕುಡಿಸುತ್ತಾರೆ. ಆರೋಗ್ಯ ವಿಮೆಯವರಿಗೆ ದ್ರಾಕ್ಷಿ ಕೊಯ್ಲಿನ ಹೊತ್ತಿಗೇ ನನ್ನನ್ನು ಈ ಚಿಲುಮೆ ಊರಿನ ಚಿಕಿತ್ಸಾಲಯಕ್ಕೆ ಅಟ್ಟುವ ಬುದ್ಧಿ ಯಾಕೆ ಬಂತೋ. ನಾನಿಲ್ಲದೆ ಕೊಯ್ಲು ನಿಲ್ಲುವುದಿಲ್ಲ, ಒಪ್ಪಿದೆ. ಆದರೆ ಐಸ್‌ವೈನಿಗೆಂದು ಹಣ್ಣು ಹೆಪ್ಪುಗಟ್ಟುವ ತನಕ ಬಳ್ಳಿಯಲ್ಲೇ ಬಿಡುವ ಆ ಕೆಳಗಿನ ಸಾಲನ್ನೂ ನಾನಿಲ್ಲದಿರುವಾಗ ಕೊಯ್ದುಬಿಡುತ್ತಾರಲ್ಲ, ಆ ಯೋಚನೆಯಲ್ಲಿ ಇಲ್ಲಿ ನನಗೆ ಕೆಸರೂ ಹಿತವಾಗುತ್ತಿಲ್ಲ.

ಹೊರಡುವ ಮುನ್ನಾದಿನ ಊಟದ ಮೇಜಿನಲ್ಲಿ ನೀವು ತಟ್ಟೆಯಿಂದ ತಲೆ ಎತ್ತದೆ ಹೇಳಿದಿರಿ: "ಈ ಸಲ ಕೆಳಗಿನ ಸಾಲು ಚಳಿಗೆ ಬಿಡೋದು ಬೇಡ. ಮುಂದಿನ ವಾರ ಎಲ್ಲದರ ಜೊತೆ ಅದನ್ನೂ ಕೊಯ್ದುಬಿಡಿ. ಬಾಯಿರುಚಿ ಸತ್ತವನಿಗೆ ಐಸ್‌ವೈನ್ ಯಾಕೆ?" ನಾರ್ಬರ್ಟ್ ತಂದೆಗೆ ಎದುರಾಡುವವರಲ್ಲ, ನಿಮ್ಮ ಮಗ ನಿಮಗೇ ಗೊತ್ತು. ಅತ್ತೆ ನಾನು ಕೇಳದಿದ್ದರೂ ನನ್ನ ತಟ್ಟೆಗೆ ಇನ್ನೆರಡು ಆಲೂಗಡ್ಡೆ ಹಾಕಿದರು. ನಾನು ಆ ಆಲೂಗಡ್ಡೆಗಳನ್ನು ತಿಂದೆ, ಮಾತನ್ನು ನುಂಗಿಕೊಂಡೆ. ಈಗ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಹಾಳು ಜ್ವರ ನಿಮ್ಮ ಮೂಗನ್ನೂ ನಾಲಿಗೆಯನ್ನೂ ಹೊತ್ತುಕೊಂಡು ಹೋಗಿ ಇದು ಮೂರನೆಯ ಕೊಯ್ಲು. ಬರುತ್ತದೆ, ಬರುತ್ತದೆ ಎನ್ನುತ್ತಿದ್ದ ಡಾಕ್ಟರು ಈಗ ಆ ಮಾತನ್ನೇ ಎತ್ತುವುದಿಲ್ಲ. ನೀವು ಚೀಲಕ್ಕೆ ತುಂಬುವ ಹಾಗೆ ಊಟ ಮಾಡಿ ಏಳುತ್ತೀರಿ. ನೆಲಮಾಳಿಗೆಯ ಬೀಗದ ಕೈಯನ್ನು ನಾರ್ಬರ್ಟ್‌ಗೆ ಕೊಟ್ಟುಬಿಟ್ಟಿರಿ. ಅದಕ್ಕಿಂತ ಹೆಚ್ಚಾಗಿ ನನಗೆ ಹೊಟ್ಟೆ ಉರಿದದ್ದು, ಭಾನುವಾರ ಊಟವಾದ ಮೇಲೆ ಸಣ್ಣ ಗ್ಲಾಸುಗಳಲ್ಲಿ ಐಸ್‌ವೈನ್ ತರುವುದನ್ನು ನಿಲ್ಲಿಸಿದಿರಲ್ಲ, ಅದಕ್ಕೆ. ನಿಮಗೆ ಹೇಳಿಲ್ಲ, ಈಗ ಹೇಳುತ್ತೇನೆ: ಆ ಗ್ಲಾಸುಗಳಿಲ್ಲದ ಭಾನುವಾರ ನನಗೆ ಭಾನುವಾರವೇ ಅಲ್ಲ.

ಮೊದಲ ಗ್ಲಾಸು ನೆನಪಿದೆಯೇ? ನಾನು ಡಾರ್ಟ್‌ಮುಂಡಿನ ಬಿಯರ್ ಅಂಗಡಿಯವನ ಮಗಳು. ನಮ್ಮಪ್ಪನ ಅಂಗಡಿಯಲ್ಲಿ ಸಣ್ಣ ಗ್ಲಾಸಿನಲ್ಲಿ ಏನು ಕೊಟ್ಟರೂ ಒಂದೇ ಗುಟುಕಿಗೆ ಮುಗಿಸಬೇಕು, ಅದೇ ಮರ್ಯಾದೆ. ನಾರ್ಬರ್ಟ್ ನನ್ನನ್ನು ಮೊದಲ ಸಲ ಮನೆಗೆ ಕರೆತಂದ ದಿನ ನೀವು ಬೆರಳುದ್ದದ ಗ್ಲಾಸಿನಲ್ಲಿ ಹಳದಿ ದ್ರವ ತಂದಿಟ್ಟಿರಿ. ನಾನು ಕತ್ತು ಹಿಂದಕ್ಕೆ ಹಾಕಿ ಗಟಕ್ಕನೆ ಇಳಿಸಿದೆ. ನೀವು ಹಣೆ ಹಣೆ ಬಡಿದುಕೊಂಡಿರಿ.

"ಅಯ್ಯೋ ಮಹಾತಾಯಿ! ಅದೇನು ಕೆಮ್ಮಿನ ಔಷಧಿ ಅಂದ್ಕೊಂಡ್ಯಾ? ಇಡೀ ಸಾಲು ದ್ರಾಕ್ಷಿ ಹಿಂಡಿದ್ರೆ ಬರೋದೇ ಒಂದಿಷ್ಟು, ಅದನ್ನ ಹಿಂಗೆ ನುಂಗಿದ್ಯಲ್ಲೇ!"

ಅಲ್ಲಿಗೆ ನನ್ನ ಸಂಬಂಧ ಮುರಿಯಿತು ಎಂದುಕೊಂಡೆ. ನೀವು ಇನ್ನೊಂದು ಗ್ಲಾಸು ಸುರಿದಿರಿ. "ಬಾಯಲ್ಲಿ ಇಟ್ಕೋ. ನಿನ್ನ ರೈಲೇನೂ ಹೊರಡಲ್ಲ. ಏನು ನೆನಪಾಗುತ್ತೆ ಹೇಳು." ಬಾಯಲ್ಲಿಟ್ಟುಕೊಂಡೆ. ಜೇನು ಬಂತು, ಅದರ ಹಿಂದೆಯೇ ಹುಳಿ ಬಂತು, ಆಮೇಲೆ ಎಲ್ಲಿಂದಲೋ ನಮ್ಮ ಮನೆಯ ಅಟ್ಟ ಬಂತು. "ನಮ್ಮಜ್ಜಿ ಚಳಿಗಾಲಕ್ಕೆ ಅಂತ ಹುಲ್ಲಿನ ಮೇಲೆ ಹರಡ್ತಿದ್ದ ಸೇಬು" ಎಂದೆ. ನಾರ್ಬರ್ಟ್‌ನ ತಮ್ಮ ಕಿಸಕ್ಕನೆ ನಕ್ಕ. ನೀವು ನಗಲಿಲ್ಲ. "ಅಜ್ಜಿ ಹೆಸರೇನು?" ಎಂದು ಕೇಳಿದಿರಿ. ಲೊಟ್ಟೆ ಎಂದೆ. "ಹಾಗಾದ್ರೆ ಲೊಟ್ಟೆ ಅಜ್ಜಿಗೆ" ಎಂದು ಗ್ಲಾಸು ಎತ್ತಿದಿರಿ. ಸತ್ತು ಎಷ್ಟೋ ವರ್ಷವಾಗಿದ್ದ ನಮ್ಮಜ್ಜಿಯ ಹೆಸರನ್ನು, ಅವಳನ್ನು ಕಂಡೇ ಇಲ್ಲದ ಒಬ್ಬ ಮನುಷ್ಯ ಅಷ್ಟು ಮರ್ಯಾದೆಯಿಂದ ಹೇಳಿದ್ದು ಕೇಳಿ, ಈ ಮನೆಗೆ ಸೊಸೆಯಾಗಿ ಬಂದೇ ಬರುತ್ತೇನೆ ಎಂದು ನಾನು ಆಗಲೇ ನಿಶ್ಚಯಿಸಿಬಿಟ್ಟೆ. ನಾರ್ಬರ್ಟ್ ಮದುವೆಯ ಮಾತೆತ್ತಿದ್ದು ಅದಾದ ಎಷ್ಟೋ ತಿಂಗಳ ಮೇಲೆ.

ಈಗ ನಿನ್ನೆಯ ವಿಷಯ. ಚಿಲುಮೆಯಿಂದ ಇಳಿಯುವ ಬೀದಿಯಲ್ಲಿ ಒಂದು ಸಣ್ಣ ವೈನ್ ಅಂಗಡಿ ಇದೆ. ಅದರ ಕಿಟಕಿಯಲ್ಲಿ, ಬೇರೆ ಬಾಟಲಿಗಳ ಹಿಂದೆ, ಸಣಕಲು ಅರ್ಧ ಬಾಟಲಿಯೊಂದು ನಿಂತಿತ್ತು. ಚೀಟಿಯ ಮೇಲೆ ನಮ್ಮ ಹಿತ್ತಲಿನ ಅಕ್ರೋಟು ಮರದ ಚಿತ್ರ! ಪರವೂರಿನ ಸಂತೆಯಲ್ಲಿ ನಮ್ಮ ಮನೆಯವರೇ ಎದುರಾದಷ್ಟು ಸಂತೋಷವಾಯಿತು. ಅದೂ ನಮ್ಮ ಮದುವೆಯಾದ ವರ್ಷದ್ದು. ಮನೆಯಲ್ಲೇ ಅದು ಒಂದೂ ಉಳಿದಿಲ್ಲ.

ಅಂಗಡಿಯಾಕೆ ಟೀಡೆಮಾನ್ ಎಂಬ ಹೆಂಗಸು, ಬಾಯಿ ಜೋರು. "ಅದು ಮಾರೋಕಿಟ್ಟಿದ್ದಲ್ಲಮ್ಮ, ಕೊನೇದು. ಕೆಸರಲ್ಲಿ ಬಿದ್ದು ಎದ್ದು ಬರೋರಿಗೆಲ್ಲ ಅದು ಅರ್ಥ ಆಗಲ್ಲ" ಎಂದಳು. ಅದನ್ನು ಮಾಡಿದವರು ನಮ್ಮ ಮಾವ ಎಂದೆ. "ಹೌದೌದು. ಹೋದ ವಾರ ಒಬ್ಬಳು ಬಂದಿದ್ದಳು, ಅವಳ ಚಿಕ್ಕಪ್ಪನೂ ಅವರೇ ಅಂತೆ!" ಸೋಮವಾರ ಅವಳು ಗಿರಾಕಿಗಳಿಗೆ ರುಚಿ ತೋರಿಸುವ ದಿನ. ಎರಡು ಐಸ್‌ವೈನ್ ಬಾಟಲಿ ತೆರೆದೇ ಇದ್ದವು. ಚೀಟಿ ಕಾಣದಂತೆ ಒಳಗೆ ಹೋಗಿ ಸುರಿದು ಎರಡು ಗ್ಲಾಸು ತಂದಿಟ್ಟಳು. "ಒಂದು ನಿಮ್ಮ ಮಾವಂದು, ಹೋದ ಸಲ ಕಳಿಸಿದ್ದು. ಯಾವುದು ಹೇಳಿ ನೋಡೋಣ."

ಮಾವ, ಅವಳು ನಂಬದಿದ್ದರೆ ಹೋಗಲಿ ಬಿಡಿ, ನನಗೇ ಗೊತ್ತಾಗದೆ ಹೋದರೆ? ಮೊದಲನೆಯದು ಸಿಹಿ, ಒಳ್ಳೆಯ ಸಿಹಿ, ಆದರೆ ಸಿಹಿ ಮುಗಿದ ಮೇಲೆ ಅಲ್ಲಿ ಯಾರೂ ಇರಲಿಲ್ಲ. ಎರಡನೆಯದನ್ನು ಬಾಯಲ್ಲಿಟ್ಟೆ, ಅವಸರ ಮಾಡಲಿಲ್ಲ. ಜೇನಿನ ಹಿಂದೆಯೇ ಆ ಹುಳಿ, ಕಿವಿಯ ಹಿಂದೆ ಯಾರೋ ಮೆಲ್ಲಗೆ ಚಿವುಟಿದ ಹಾಗೆ. ಜನವರಿಯ ಚಳಿಯ ಬೆಳಗು, ಬಕೆಟ್ಟಿಗೆ ಗೋಲಿಗಳಂತೆ ಟಣಟಣ ಬೀಳುವ ಹೆಪ್ಪುಗಟ್ಟಿದ ಹಣ್ಣು, ಅತ್ತೆಯ ಬಟಾಣಿ ಸೂಪಿನ ಹಬೆ, ಗಾಣ ಎಷ್ಟು ತಿರುಗಿದರೂ ರಸ ಬಾರದೆ ನೀವು ಅದಕ್ಕೆ ಹಾಕುವ ಬೈಗುಳ, ಎಲ್ಲ ಒಟ್ಟಿಗೆ ಬಂದವು. "ಇದು ನಮ್ಮನೇದು" ಎಂದೆ. ಹೇಳುವಾಗ ಅಳು ಬಂದುಬಿಟ್ಟಿತು. ಟೀಡೆಮಾನ್ ಕಿಟಕಿಯ ಬಾಟಲಿ ತೆಗೆದು, ಧೂಳು ಒರೆಸಿ, ಕಾಗದದಲ್ಲಿ ಸುತ್ತಿದಳು. ಬೆಲೆ ಮಾತ್ರ ಒಂದು ಬಿಡಿಗಾಸೂ ಬಿಡಲಿಲ್ಲ. ನಾನು ಬಾಗಿಲು ದಾಟುವಾಗ ಕೇಳಿದಳು: "ಈ ವರ್ಷಾನೂ ಮಾಡ್ತಾರೆ ತಾನೆ?"

ಮಳೆ ಬರುವ ಹಾಗಿದೆ ಎಂದು ಹೇಳಿ ಬಂದೆ.

ಇವತ್ತು ಊಟವಾದ ಮೇಲೆ ಬಾಟಲಿ ತೆರೆದೆ. ಇಲ್ಲಿ ಮದ್ಯ ನಿಷಿದ್ಧ, ಹಲ್ಲುಜ್ಜುವ ಗ್ಲಾಸೇ ಗತಿ. ನಿಮ್ಮ ಮರ್ಯಾದೆ ತೆಗೆದೆ, ಕ್ಷಮಿಸಿ. ಆದರೆ ನಿಮ್ಮ ವೈನು ಹೇಗಿದೆ ಎಂದು ನಿಮಗೆ ಯಾರೂ ಹೇಳುತ್ತಿಲ್ಲ, ನಿಮಗೆ ನೋವಾದೀತೆಂದು ಎಲ್ಲರೂ ಆ ಮಾತನ್ನೇ ತಪ್ಪಿಸುತ್ತೇವೆ. ನಾನು ಹೇಳುತ್ತೇನೆ, ಕೇಳಿ. ಬಣ್ಣ ಈಗ ಕೆಂಪಗೆ ಕಾಸಿದ ಸಕ್ಕರೆ ಪಾಕದ್ದು. ಮೂಗಿಗೆ ಹಿಡಿದರೆ ಒಣಗಿದ ಜರದಾಳು, ಸ್ವಲ್ಪ ಮೇಣದ ಬತ್ತಿ ಆರಿಸಿದ ವಾಸನೆ. ಸಿಹಿ ಮಾಗಿದೆ, ಈಗ ಅದಕ್ಕೆ ಅವಸರವಿಲ್ಲ. ಹುಳಿ ಮಾತ್ರ ಅವತ್ತಿನದೇ, ಇಷ್ಟು ವರ್ಷವಾದರೂ ಸೊಕ್ಕು ಇಳಿದಿಲ್ಲ. ನುಂಗಿದ ಮೇಲೂ ಬಾಯಲ್ಲೇ ಕೂತಿತ್ತು. ಪಕ್ಕದ ಕೋಣೆಯ ಹೆಂಗಸು ಬಂದು ಸೊಂಟನೋವಿನ ಕಥೆಯನ್ನೆಲ್ಲ ಹೇಳಿ ಹೋದಳು. ಆಗಲೂ ಅದು ಇನ್ನೂ ಅಲ್ಲೇ ಇತ್ತು.

ಇದನ್ನೆಲ್ಲ ಗುರುತಿಸಲು ನಾನೇನು ಓದಿದವಳಲ್ಲ. ಭಾನುವಾರ ಭಾನುವಾರ ನೀವೇ ನನ್ನ ಬಾಯಿಗೆ ಹಾಕಿದ್ದು. ನಿಮ್ಮ ರುಚಿ ಸತ್ತಿಲ್ಲ ಮಾವ, ಅದು ನನ್ನ ಬಾಯಲ್ಲಿದೆ. ಕೊಟ್ಟಿಟ್ಟದ್ದನ್ನು ಬೇಕಾದಾಗ ಕೇಳಿ ಪಡೆಯಲು ನಿಮಗೇಕೆ ಸಂಕೋಚ?

ಆದ್ದರಿಂದ ಕೆಳಗಿನ ಸಾಲನ್ನು ಕೊಯ್ಯಬೇಡಿ. ನಾರ್ಬರ್ಟ್‌ಗೆ ಹೇಳಿ ಹಕ್ಕಿ ತಿನ್ನದಂತೆ ಬಲೆ ಹಾಕಿಸಿ. ಸೊನ್ನೆಗಿಂತ ಏಳು ಡಿಗ್ರಿ ಕೆಳಗೆ ಇಳಿಯುವ ಬೆಳಗನ್ನು ಕಾಯಲು ನಾಲಿಗೆ ಬೇಡ, ಕಿಟಕಿಯ ಥರ್ಮಾಮೀಟರನ್ನು ನೀವು ಈಗಲೂ ದಿನಾ ನೋಡುವುದನ್ನು ನಾನು ಕಂಡಿದ್ದೇನೆ. ಹಣ್ಣು ಒಳಗಿನವರೆಗೆ ಗಟ್ಟಿಯಾಯಿತೋ ಇಲ್ಲವೋ ನಿಮ್ಮ ಬೆರಳಿಗೆ ಗೊತ್ತು. ಗಾಣ ಯಾವಾಗ ನಿಲ್ಲಿಸಬೇಕೆಂದು ರುಚಿ ನೋಡಿ ಹೇಳುವುದು ನನ್ನ ಪಾಲಿಗಿರಲಿ. ಚಳಿ ಬರದೇ ಹೋಗಬಹುದು, ಇತ್ತೀಚಿನ ಚಳಿಗಾಲಗಳನ್ನು ನಂಬುವ ಹಾಗಿಲ್ಲ. ಹಣ್ಣು ಕೊಳೆತರೆ ಕೊಳೆಯಲಿ. ಕಾದು ಕಳೆದುಕೊಂಡ ವರ್ಷಗಳಲ್ಲಿ ನೀವು ಬೈದಿದ್ದೀರಿ, ಕಾಯುವುದನ್ನು ಬಿಟ್ಟಿರಲಿಲ್ಲ.

ಬಾಟಲಿಯಲ್ಲಿ ಮುಕ್ಕಾಲು ಉಳಿದಿದೆ. ಬಿಗಿಯಾಗಿ ಬಿರಡೆ ಒತ್ತಿ ಶನಿವಾರ ತರುತ್ತೇನೆ. ಭಾನುವಾರ ಊಟವಾದ ಮೇಲೆ ಸಣ್ಣ ಗ್ಲಾಸುಗಳನ್ನು ನಾನೇ ಇಡುತ್ತೇನೆ, ನಿಮ್ಮ ಮುಂದೂ ಒಂದು. ನೀರು ಕುಡಿದ ಹಾಗಿದೆ ಎನ್ನುತ್ತೀರಿ, ಎನ್ನಿ. ಆದರೂ ಬಾಯಲ್ಲಿ ಇಟ್ಟುಕೊಳ್ಳಿ, ಅವಸರ ಬೇಡ. ನೀವು ನಮ್ಮನ್ನು ಯಾವತ್ತೂ ರುಚಿ ಹೇಗಿದೆ ಎಂದು ಕೇಳಿದವರಲ್ಲ. ಏನು ನೆನಪಾಗುತ್ತೆ ಎಂದು ಕೇಳಿದಿರಿ. ಈ ಭಾನುವಾರ ನಾನು ಕೇಳುತ್ತೇನೆ, ನೀವು ಹೇಳಬೇಕು. ಯಾರ ನೆನಪು ಬಂದರೂ ಅವರ ಹೆಸರು ಹೇಳಿ ಗ್ಲಾಸು ಎತ್ತೋಣ.

ಚಳಿ ಸಕಾಲಕ್ಕೆ ಬರಲಿ. ಹಕ್ಕಿ ಹಿಂಡು ಪಕ್ಕದ ಕುನ್ಸ್‌ಲರ್ ತೋಟದಲ್ಲೇ ಹೊಟ್ಟೆ ತುಂಬಿಸಿಕೊಳ್ಳಲಿ. ಗಾಣಕ್ಕೆ ಬೈಯುವ ಶಕ್ತಿ ನಿಮಗೆ ಇನ್ನೂ ಬಹುಕಾಲ ಇರಲಿ.

ನೀವು ರುಚಿ ಕಲಿಸಿದ ಸೊಸೆ,
ಸಿಲ್ಕೆ