ಬೆನ್ನಿಗೆ ಒತ್ತಿದ ಪೈಪು

ನಾಚಾರಂ, ಹೈದರಾಬಾದ್
೧೪ ಡಿಸೆಂಬರ್ ೨೦೨೩

ಸೌಭಾಗ್ಯವತಿ ಬಸಲಿಂಗಮ್ಮನಿಗೆ ಸಿದ್ದರಾಮಪ್ಪನ ಆಶೀರ್ವಾದಗಳು.

ನಾನೂ ಉಪೇಂದ್ರನೂ ಇಲ್ಲಿ ಕ್ಷೇಮ. ನಿನ್ನ ಮೊಣಕಾಲು ನೋವು ಹೇಗಿದೆ? ರಾಯಚೂರಿನಲ್ಲೂ ಚಳಿ ಇರಬೇಕು, ಕಾಲುಚೀಲ ಹಾಕಿಕೋ. ಬೀಗರ ಮನೆಯೆಂದು ನಾಚಬೇಡ. ಭಾಗ್ಯಶ್ರೀಗೆ ಊಟ ಸೇರುತ್ತಿದೆಯೇ? ಕುಬಸದ ಫೋಟೊದಲ್ಲಿ ಬಸುರಿ ಮಗಳ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು. ಎದುರಿಗೆ ಮಗ ಇದ್ದ, ಈರುಳ್ಳಿ ಹೆಚ್ಚುತ್ತಿದ್ದೆ ಎಂದೆ. ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ ಎಂಬುದು ಅವನಿಗೂ ಗೊತ್ತು. ಪಕ್ಕದ ಮನೆಯ ಗುಣವತಿ ದಿನಾ ರೊಟ್ಟಿ ಕಳಿಸುತ್ತಾಳೆ, ಜೊತೆಗೆ ಬುದ್ಧಿಮಾತನ್ನೂ.

ಫೋನ್ ಬಿಟ್ಟು ಕಾಗದವೇಕೆ ಎಂದು ಗಾಬರಿಯಾಗಬೇಡ. ನೀನು ಸ್ಪೀಕರ್ ಹಾಕದೆ ಮಾತಾಡಿದವಳಲ್ಲ. ನಾನು ಇಲ್ಲಿ ಕೆಮ್ಮಿದರೆ ಬೀಗರ ಪಡಸಾಲೆಯಲ್ಲಿ ಕೇಳುತ್ತದೆ. ಇದು ಅವರ ಕಿವಿಗೆ ಬೀಳಬಾರದ ಸಂಗತಿ. ನಿನ್ನ ತಮ್ಮ ಚನ್ನು ಅಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಒಬ್ಬಳೇ ಕುಳಿತು ಓದು.

ಮಗಳ ಬಾಣಂತನಕ್ಕೆಂದು ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ, ಬಿಸಿನೀರಿನ ಪೈಪನ್ನು ಅವಳ ಕೋಣೆಯ ಗೋಡೆಯೊಳಗೆ ಹುಗಿಸಿ ಬಚ್ಚಲಿಗೆ ತಂದೆವಲ್ಲ. ಹೊರಗೆ ಒಂದು ಬೆರಳಷ್ಟೂ ಪೈಪು ಕಾಣಬಾರದು, ಗೋಡೆ ಕನ್ನಡಿಯಂತಿರಬೇಕು ಎಂದು ಹಟ ಹಿಡಿದವನು ನಾನೇ. ನಿಮ್ಮ ಮನೆಯಲ್ಲಿ ಪೈಪುಗಳು ಗೋಡೆಯ ಮೇಲೆಲ್ಲ ಓಡಾಡುತ್ತವೆ, ನಮ್ಮಲ್ಲಿ ಹಾಗಲ್ಲ ಎಂದು ಬೀಗರ ಎದುರಿಗೇ ಹೇಳಿ ಬಂದವನೂ ನಾನೇ. ಈಗ ಆ ಕನ್ನಡಿಯ ಮೇಲೆ ಮೊರದಗಲ ತೇವ ಎದ್ದಿದೆ. ಒಳಗೆ ಜಾಯಿಂಟು ಸೋರುತ್ತಿದೆ. ಪ್ಲಂಬರ್ ಹುಲಗೇಶ ವಾಲ್ವ್ ಮುಚ್ಚಿ ಹೋಗಿದ್ದಾನೆ, ಹೀಗಾಗಿ ಬಿಸಿನೀರು ಬಂದ್. ಬಿಸಿನೀರಿನ ಅನುಕೂಲ ಇದ್ದರೆ ಸೊಸೆಯನ್ನು ಕಳಿಸುತ್ತೇವೆ, ಇಲ್ಲದಿದ್ದರೆ ಹೆರಿಗೆ ನಮ್ಮಲ್ಲೇ ಆಗಲಿ ಎಂದು ಬೀಗರು ಅಂದದ್ದು ನಿನಗೆ ನೆನಪಿದೆಯಲ್ಲ. ಚೊಚ್ಚಲ ಹೆರಿಗೆ ತವರಲ್ಲಿ ಆಗದಿದ್ದರೆ ಜನ ಏನಂದಾರು? ಜನರ ಮಾತು ಹಾಗಿರಲಿ, ಅವಳು ಇಲ್ಲಿಗೆ ಬರಬೇಕು, ನನಗೆ ಅದೊಂದೇ ಆಸೆ.

"ಪ್ಲಾಸ್ಟರ್ ಮಾಡೂಕಿಂತ ಮೊದಲ ಗೋಡಿದೊಂದು ಫೋಟೊ ಹೊಡಕೊಂಡಿಡ್ರಿ, ಮುಂದ ಎಲ್ಲಿ ಒಡೀಬೇಕಂತ ಗೊತ್ತಾಗತೈತಿ" ಎಂದು ಹುಲಗೇಶ ಹೇಳಿದ್ದ. ಬರೀ ಗೋಡೆಯ ಫೋಟೊ ಯಾರಾದರೂ ಹೊಡೆಯುತ್ತಾರೆಯೇ? ನಾನು ತೆಂಗಿನಕಾಯಿ ಒಡೆಸಿದೆ, ನೀನು ಹೋಗಿ ಇಳಕಲ್ ಸೀರೆ ಉಟ್ಟು ಬಂದೆ, ಬೇಡವೆಂದರೂ ಹುಲಗೇಶನನ್ನು ಎಳೆದು ನಿಲ್ಲಿಸಿಕೊಂಡೆವು, ಉಪೇಂದ್ರ ಹೊಡೆದ. ಈಗ ತೆಗೆದು ನೋಡಿದರೆ ಫೋಟೊದಲ್ಲಿ ನಾವೆಲ್ಲ ಇದ್ದೇವೆ, ಪೈಪೇ ಇಲ್ಲ. ನನ್ನ ಕಿವಿಯ ಪಕ್ಕ ಒಂದು ತುಂಡು ಕಾಣುತ್ತದೆ, ಹುಲಗೇಶನ ಮೊಣಕೈಯ ಕೆಳಗೆ ಇನ್ನೊಂದು. ನಡುವೆ ಅದು ತಿರುಗುವ ಜಾಗದಲ್ಲೇ ನೀನು ಎರಡೂ ಭುಜಕ್ಕೆ ಸೆರಗು ಹೊದ್ದು ನಿಂತಿದ್ದೀ.

ನಿನ್ನೆ ಮತ್ತೆ ಹಾಗೇ ನಿಂತು ನೋಡಿದೆವು. ನಿನ್ನ ಜಾಗಕ್ಕೆ ಗುಣವತಿಯನ್ನು ಕರೆದೆವು. ಆಕೆ ಕುಳ್ಳಿ, ಮಣೆ ಹತ್ತಿಸಿದೆವು. ಮಣೆಯ ಮೇಲೆ ನಗು ತಡೆಯಲಾಗದೆ ಅಲುಗಾಡಿದಳು. ಆಕೆಯ ಭುಜದ ನೇರಕ್ಕೆ ಗುರುತು ಮಾಡಿಕೊಂಡು ಹುಲಗೇಶ ಒಡೆದ. ಬರೀ ಇಟ್ಟಿಗೆ. ಆಗ ನೆನಪಾಯಿತು, ಅವತ್ತು ನೀನು "ಬೆನ್ನಿಗೇನೋ ಒತ್ತಾಕತ್ತೈತ್ರಿ" ಎಂದು ಗೊಣಗಿದ್ದೆ, ಸುಮ್ಮನೆ ನಗು ಎಂದು ನಾನು ಗದರಿದ್ದೆ. ನಿನ್ನನ್ನು ಒತ್ತಿದ್ದೇ ಆ ಜಾಯಿಂಟು. ಎಲ್ಲಿ ಒತ್ತಿತು? ಹೆಗಲ ಹತ್ತಿರ ಎಂದು ನಾನು, ಸೊಂಟದ ಹತ್ತಿರ ಎಂದು ನಿನ್ನ ಮಗ. ಈ ಭೂಮಿಯ ಮೇಲೆ ಅದು ನಿನ್ನೊಬ್ಬಳಿಗೇ ಗೊತ್ತು. ಅಲ್ಲಿ ಯಾವುದಾದರೂ ಗೋಡೆಗೆ ಬೆನ್ನು ಕೊಟ್ಟು ನಿಂತು, ನೆಲದಿಂದ ಎಷ್ಟು ಗೇಣು ಎಂದು ನೋಡಿ ಚನ್ನುವಿಗೆ ಹೇಳು. ಬೀಗರು ಕಂಡು ಕೇಳಿದರೆ ಬೆನ್ನು ತುರಿಸುತ್ತಿತ್ತು ಎನ್ನು.

ಭಾಗ್ಯಶ್ರೀಯ ತಲೆಯ ಮೇಲೆ ನನ್ನ ಪರವಾಗಿ ಒಮ್ಮೆ ಕೈ ಇಡು. ಬೀಗರಿಗೆ ಶರಣಾರ್ಥಿ ತಿಳಿಸು, ಗೋಡೆಯ ಸುದ್ದಿ ಮಾತ್ರ ತಿಳಿಸಬೇಡ.

ಇಂತಿ ನಿನ್ನ
ಸಿದ್ದರಾಮಪ್ಪ

ತಾ. ಕ.: ಕಾಗದ ಮಡಿಚುವಾಗ ಬೀಗರ ಫೋನ್ ಬಂತು. ಸೋಮವಾರ ತಾವೇ ಕಾರಿನಲ್ಲಿ ನಿಮ್ಮಿಬ್ಬರನ್ನೂ ಕರೆತಂದು, ಬಿಸಿನೀರು ಕಣ್ಣಾರೆ ನೋಡಿ ಸೊಸೆಯನ್ನು ಬಿಟ್ಟು ಹೋಗುತ್ತಾರಂತೆ. ಇನ್ನು ಗೇಣು ಎಣಿಸಬೇಡ. ಗೋಡೆಯ ಹೊರಗಿನಿಂದಲೇ ಹೊಸ ಪೈಪು ಎಳೆ ಎಂದು ಹುಲಗೇಶನಿಗೆ ಹೇಳಿದೆ. "ಕಾಣತೈತ್ರಿ ಯಜಮಾನ್ರ" ಎಂದ. ಕಾಣಲಿ ಎಂದೆ. ಈಗಷ್ಟೇ ಮುಗಿಸಿದ. ಬೀಗರ ಮನೆಯ ಪೈಪಿಗಿಂತ ಸೊಟ್ಟಗಿದೆ, ನೋಡಿ ಅವರೆದುರು ನೀನು ಬೆಚ್ಚಿಬೀಳಬಾರದೆಂದೇ ಈ ಕಾಗದವನ್ನು ಹರಿಯದೆ ಕಳಿಸುತ್ತಿದ್ದೇನೆ. ಬಚ್ಚಲಲ್ಲಿ ಕೈ ಸುಡುವಂಥ ನೀರು ಬರುತ್ತಿದೆ. ಬೀಗರು ಹೊಟ್ಟೆ ತುಂಬ ನಕ್ಕು, ಮಗಳನ್ನು ಇಲ್ಲಿ ಬಿಟ್ಟು ಹೋದರೆ ಸಾಕು.