ಎರಡು ಮೇಜುಗಳ ನಡುವೆ

ಲೀಕಾಕ್, ಪೆನ್ಸಿಲ್ವೇನಿಯ
ಡಿಸೆಂಬರ್ ೧೫

ಪ್ರೀತಿಯ ತಂಗಿ ಮಲಿಂಡಾ,

ಚಳಿ, ಹಸು, ಮಕ್ಕಳು ಇಷ್ಟನ್ನೇ ಬರೆದು ಕಾಗದ ಮಡಚಿಬಿಡುವುದರಲ್ಲಿದ್ದೆ. ನನಗಾದ ನೋವನ್ನು ಹೇಳುವ ಮನಸ್ಸಿರಲಿಲ್ಲ. ನಿನ್ನ ಸೊಂಟನೋವು ಹೇಗಿದೆ? ಪೇಟೆಯ ಮನೆ ಬೆಚ್ಚಗಿದೆಯೇ? ಇಲ್ಲಿ ನನ್ನ ಯಜಮಾನರು ಲೀವೈಗೆ ಕೆಮ್ಮು, ಉಳಿದವರು ಸೌಖ್ಯ.

ಕಳೆದ ಹೊಸ ವರ್ಷದ ದಿನ ನೆನಪಿದೆಯಲ್ಲ? ಹಾಲು ಕರೆಯುವ ಮೊದಲೇ ಹಂದಿಯ ಭುಜದ ಮಾಂಸವನ್ನು ಹುಳಿ ಎಲೆಕೋಸಿನ ಜೊತೆ ಕಟ್ಟಿಗೆ ಒಲೆಯ ಮೇಲಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೂಳೆ ತಾನಾಗಿ ಕಳಚಿಕೊಂಡಿತ್ತು. ನೀನು ಮುಚ್ಚಳ ತೆಗೆದು, "ಅಕ್ಕಾ, ಇದಕ್ಕೆ ಹಲ್ಲೇ ಬೇಡ ಕಣೇ, ತೊಟ್ಟಿಲ ಕೂಸಿಗೂ ಬಡಿಸ್ಬೋದು" ಎಂದೆ. ದೀಕ್ಷೆ ಪಡೆದ ಮೇಲೆ ಸಭೆ ಬಿಟ್ಟುಹೋದವಳು ನೀನು. ಸಭೆಯ ನಿಯಮದಂತೆ ನಮ್ಮ ಜೊತೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಎಲ್ಲರೂ ಮಾಡುವಂತೆ ಎರಡು ಮೇಜುಗಳನ್ನು ಗೇಣು ದೂರ ಇಟ್ಟು, ಮೇಲೊಂದೇ ಬಟ್ಟೆ ಹಾಸಬೇಕಿತ್ತು. ಬಟ್ಟೆ ಹಾಸುವ ಮುಂಚೆ ನಾನು ಅವನ್ನು ಸೇರಿಸಿಬಿಟ್ಟೆ. ಲೀವೈಗೂ ಹೇಳಲಿಲ್ಲ. ನಡುವೆ ಜಾಗವಿಲ್ಲವೆಂದು ಬಟ್ಟೆಯ ಕೆಳಗೆ ನಿನ್ನ ಕೈಗೆ ಗೊತ್ತಾಯಿತು. ನನ್ನ ಮುಖ ನೋಡಿ ಸುಮ್ಮನಾದೆ. ಆ ಮೌನವನ್ನೇ, ಯಾರಿಗೂ ಹೇಳುವುದಿಲ್ಲವೆಂದು ನೀನು ಕೊಟ್ಟ ಮಾತು ಎಂದುಕೊಂಡೆ.

ಪ್ರವಾಸಿಗರಿಗೆ ನೀನು ಅಮ್ಮನ ಕೈಯಡುಗೆ ಕಲಿಸುವುದು ನನಗೆಂದೂ ತಪ್ಪೆನಿಸಿರಲಿಲ್ಲ. ಆದರೆ ಕಳೆದ ತಿಂಗಳು ನಿನ್ನ ತರಗತಿಯಿಂದ ನೇರ ಬಂದ, ನಾವು ಇಂಗ್ಲಿಷ್ ಎನ್ನುವ ಹೊರಗಿನ ಹೆಂಗಸೊಬ್ಬಳು ನನ್ನ ಉಪ್ಪಿನಕಾಯಿ ಅಂಗಡಿಯಲ್ಲಿ, "ಓಹೋ, ಕದ್ದು ಮೇಜು ಸೇರಿಸಿದ ಅಕ್ಕ ನೀವೇನಾ? ಮಾಂಸ ಬೇಯೋವರ್ಗೂ ಅದೇ ಕಥೆ, ನಕ್ಕು ನಕ್ಕು ಸಾಕಾಯ್ತು!" ಎಂದಳು. ಪಕ್ಕದಲ್ಲೇ ನಮ್ಮ ಸಭೆಯ ನಿಯಮ ನೋಡಿಕೊಳ್ಳುವ ಡೀಕನ್ನರ ಹೆಂಡತಿ ಸವಿಲ್ಲಾ ನಿಂತಿದ್ದಳು. ಅವಳು "ಹೌದೇನೇ ವೆರ್ನಾ?" ಎಂದಾಗ ಸುಳ್ಳು ಬಾಯಿಗೆ ಬರಲಿಲ್ಲ.

ಮುಂದಿನ ಭಾನುವಾರ ಸಭೆಯೆದುರು ಮಂಡಿಯೂರಿ ತಪ್ಪೊಪ್ಪಿಕೊಂಡೆ. ನಿಯಮ ಮುರಿದವಳು ನಾನು, ಅದು ಇರಲಿ. ಮೇಜು ಸೇರಿಸಿದ್ದು ನಿನಗಾಗಿಯೋ, ಒಳ್ಳೆಯ ಅಕ್ಕ ಅನ್ನಿಸಿಕೊಳ್ಳಲೋ ಎಂದೂ ನನ್ನನ್ನೇ ಕೇಳಿಕೊಂಡಿದ್ದೇನೆ. ಆದರೆ ನೀನು ಹೋದ ಮೇಲೆ ನಿನಗೆ ನಾನು ಕೊಡಲಾದದ್ದು ಅದೊಂದೇ. ಅದನ್ನು ಅಪರಿಚಿತರ ಹೊತ್ತು ಕಳೆಯಲು ಬಳಸಿಬಿಟ್ಟೆಯಲ್ಲ, ಮಲಿಂಡಾ.

ದೇವರು ನಿನ್ನನ್ನು ಕಾಯಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅಕ್ಕ,
ವೆರ್ನಾ

ಮರೆತೆ: ಹೊಸ ವರ್ಷಕ್ಕೆ ಬಾ, ಮಾಂಸ ಬೇಯಿಸಿರುತ್ತೇನೆ. ಮೇಜುಗಳ ನಡುವೆ ಗೇಣು ಜಾಗ ಇರುತ್ತದೆ. ಸಭೆ ಹೇಳದಿದ್ದರೂ ಈ ಸಲ ನಾನೇ ಆ ಜಾಗ ಬಿಟ್ಟಿಡುತ್ತಿದ್ದೆ. ಇದನ್ನು ಡಿಸೆಂಬರ್ ೧೮ಕ್ಕೆ ಅಂಚೆಗೆ ಹಾಕುತ್ತೇನೆ.