ಪಾರ್ಟಿಶನ್ ಹಲಗೆಯ ಸ್ಪೀಕರ್

ಸೆಪ್ಟೆಂಬರ್ 18, ಗುರುವಾರ

ಸಾರಿ. ಯಾರಿಗೆ ಅಂತ ಗೊತ್ತಿಲ್ಲ, ಆದ್ರೂ ಸಾರಿ. ಇನ್ನು ಡೈರಿ ಬರೆಯಲ್ಲ ಅಂತ ಒಂಬತ್ತನೇ ಕ್ಲಾಸಲ್ಲೇ ತೀರ್ಮಾನ ಮಾಡಿದ್ದೆ — ವಾರ್ಡನ್ ಮೇಡಂ ನನ್ನ ಡೈರಿ ಕಿತ್ತುಕೊಂಡು ಸ್ಟಡಿ ಅವರ್‌ನಲ್ಲಿ ಎಲ್ಲರ ಮುಂದೆ ಓದಿದ ದಿನ. ಈಗ ಮತ್ತೆ ಶುರು. ಹೇಳಿಕೊಳ್ಳೋಕೆ ಬೇರೆ ಯಾರೂ ಇಲ್ಲ, ಅಷ್ಟೇ.

ಮ್ಯಾಥ್ಸ್ ಕ್ವಿಜ್ ಹೋಯ್ತು. ಹೋಯ್ತು ಅಂದ್ರೆ ಹೋಯ್ತು. ಫಸ್ಟ್ ಇಯರ್‌ನ ಮೊದಲ ತಿಂಗಳೇ ಹೀಗೆ.

ಕಾಲೇಜ್ ಬಸ್‌ನಲ್ಲಿ ಅಫ್ರಾಜ್ ಪಕ್ಕ ಬಂದು ಕೂತ. ಸೀನಿಯರ್, ಮಂಗಳೂರು ಕಡೆಯವನು, ಗಲ್ಫ್‌ನ ಈ ಸೊಹಾರ್ ಊರಿಗೆಲ್ಲಾ ಕೇಳೋ ಹಾಗೆ ಮಾತಾಡ್ತಾನೆ. ಅವನ ಮಾವನದು ರಿಪೇರಿ ಅಂಗಡಿ. ಯಾವುದೋ ಹಾಲ್‌ನ ಹಳೇ ಸ್ಪೀಕರ್ ಬಿಚ್ಚಿ ಒಳಗಿನ ಎರಡು ಕೋನ್ ತಂದುಕೊಟ್ಟ. ಹನ್ನೆರಡು ಇಂಚು. ಊಟದ ತಟ್ಟೆಯಷ್ಟು.

"ಡಬ್ಬ ಎಲ್ಲಿ?" ಅಂದೆ.

"ಡಬ್ಬ ಬೇಡ ಅಂತ ನೀನೇ ಹೇಳಿದ್ದಲ್ವಾ ಮಾರಾಯ್ತಿ! ಹಲಗೆಗೆ ತೂತು ಕೊರಿ, ಇದನ್ನು ಕೂರಿಸು, ಖಲಾಸ್."

ಹೌದು, ನಾನೇ. ಓಪನ್ ಬ್ಯಾಫಲ್. ಡಬ್ಬ ಇಲ್ಲ, ಬರೀ ಒಂದು ಅಗಲ ಹಲಗೆ. ಮುಂದಕ್ಕೆ ಎಷ್ಟು ಸದ್ದೋ ಹಿಂದಕ್ಕೂ ಅಷ್ಟೇ. ವಿಡಿಯೋ ನೋಡಿದಾಗಿಂದ ತಲೆಯಲ್ಲಿ ಅದೇ. ಊರಲ್ಲಿ ಏಳು ವರ್ಷ ಹಾಸ್ಟೆಲ್, ಇಯರ್‌ಫೋನ್ ಕೂಡ ಬ್ಯಾನ್. ಒಮ್ಮೆಯಾದ್ರೂ ರೂಮ್ ತುಂಬ ಸದ್ದು ಕೇಳ್ಬೇಕು.

ದಪ್ಪ ಪ್ಲೈವುಡ್ ಬೇಕು. ಅಪ್ಪನ್ನ ಕೇಳ್ಬೇಕು. ಭಯ. ಯಾಕೆ ಭಯ… ರಜೆಗೆ ಅವರು ಊರಿಗೆ ಬಂದಾಗ ಬಿಟ್ಟರೆ ಅವರ ಜೊತೆ ಇದ್ದೇ ಇಲ್ಲ, ಅದಕ್ಕೇ ಇರಬೇಕು. ಈ ಮನೆಯಲ್ಲಿ ಇನ್ನೂ ಗೆಸ್ಟ್ ಥರ. ಬೆಡ್‌ರೂಮ್‌ನಲ್ಲಿ ಅಮ್ಮ, ನಾನು. ಹಾಲ್‌ಗೆ ಅಡ್ಡ ಪ್ಲೈವುಡ್ ಪಾರ್ಟಿಶನ್. ಮೊದಲು ಅದರ ಆಚೆ ಉರ್ಸುಲಾ ಆಂಟಿ ಅಂತ ನರ್ಸ್ ಬಾಡಿಗೆಗೆ ಇದ್ದರಂತೆ. ಈಗ ಅಲ್ಲಿ ಅಪ್ಪನ ಮಂಚ. ಅಲ್ಯೂಮಿನಿಯಂ ಫ್ಯಾಕ್ಟರಿ, ಶಿಫ್ಟ್ ಡ್ಯೂಟಿ — ಹಗಲು ನಿದ್ದೆಗೆ ಕತ್ತಲೆ ಬೇಕು ಅಂತಾರೆ.

ಸೆಪ್ಟೆಂಬರ್ 19, ಶುಕ್ರವಾರ. ಮಧ್ಯಾಹ್ನ

ಕೇಳಿದೆ! ಅಮ್ಮನಿಗೆ ಕ್ಲಿನಿಕ್ ರಿಸೆಪ್ಶನ್‌ನಲ್ಲಿ ಡ್ಯೂಟಿ. ಮನೆಯಲ್ಲಿ ನಾವಿಬ್ಬರೇ.

ಅಪ್ಪ ಪಾರ್ಟಿಶನ್ ಮೇಲೆ ಬೆರಳಿಂದ ಕುಟ್ಟಿದ್ರು. "ಇದನ್ನ ತಗೋ."

"ನಿಮ್ಮ ರೂಮ್…?"

"ರೂಮ್ ಎಲ್ಲಿ ಬಂತವಾ, ಹಲಗಿ ಇದು. ಬಾಡಿಗಿ ಇದ್ದಾಕಿ ಹೋಗಿ ಎರಡ ವರ್ಷಾತು. ಹಿಡಿ ಆ ಕಡೆ."

ಎರಡು ದೊಡ್ಡ ಶೀಟ್. ಸ್ಕ್ರೂ ಬಿಚ್ಚಿ ಮಲಗಿಸಿದ್ವಿ. ಸಣ್ಣದಾಗಿ ಕತ್ತರಿಸ್ತೀನಿ ಅಂದ್ರು; ಬೇಡ ಅಂದೆ, ಹಲಗೆ ಅಗಲ ಇದ್ದಷ್ಟೂ ಬೇಸ್, ಆ ದಪ್ಪ ಸದ್ದು, ಚೆನ್ನಾಗಿ ಬರುತ್ತೆ. "ಏನ್ ಇಂಜಿನಿಯರವಾ ನೀ, ಸ್ಪೀಕರ್ ಅಲ್ಲ, ಬಾಗಲಾ ಮಾಡಾಕತ್ತಿ" ಅಂತ ನಕ್ಕರು. ದಾರಕ್ಕೆ ಪೆನ್ಸಿಲ್ ಕಟ್ಟಿ ವೃತ್ತ ಎಳೆದು, ಪಕ್ಕದ ಮನೆಯವರ ಜಿಗ್‌ಸಾ ಗರಗಸ ತಂದು ಕೊರೆದರು. ಒಂದೊಂದು ಹಲಗೆಗೆ ಒಂದೊಂದು ತೂತು. ಮೀಸೆ ತುಂಬ ಮರದ ಪುಡಿ. ಇಷ್ಟು ನಗೋ ಅಪ್ಪನ್ನ ನಾನು ನೋಡೇ ಇರಲಿಲ್ಲ.

"ನಿಮ್ಮವ್ವಗ ಹೇಳಿಯೇನು?"

"ಇಲ್ಲ. ಸರ್ಪ್ರೈಸ್."

"ಹೂಂ," ಅಂದ್ರು. "ಸರ್ಪ್ರೈಸ್ ಅಂತೂ ಆಗ್ತೈತಿ."

ಅದೇ ದಿನ, ಸಂಜೆ

ಅಮ್ಮ ಬಂದ್ಲು. ಚಪ್ಪಲಿ ಬಿಚ್ಚಲಿಲ್ಲ. ಹಲಗೆ ಇಲ್ಲದ ಜಾಗ ನೋಡ್ತಾ ನಿಂತಳು. ನಾನೂ ಆಗಲೇ ಸರಿಯಾಗಿ ನೋಡಿದ್ದು — ಮಂಚದ ಕೆಳಗೆ ಇಂಡಕ್ಷನ್ ಸ್ಟವ್. ಸಣ್ಣ ಕುಕ್ಕರ್. ಒಂದೇ ತಟ್ಟೆ. ಒಂದೇ ಲೋಟ. ಉಪ್ಪಿನ ಡಬ್ಬಿ.

ಶಿಫ್ಟ್ ಡ್ಯೂಟಿಯವರಿಗೆ ಬೇರೆ ಉಪ್ಪು ಯಾಕೆ?

ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಅಪ್ಪಾ, ಇಲ್ಲಿ ಅಡುಗೆ ಮಾಡ್ಕೋತೀರಾ?"

ಅಪ್ಪ ಬೆಡ್‌ಶೀಟ್ ಕೆಳಗೆ ಇಳಿಬಿಟ್ಟರು. "ನೀ ಬಂದ ಮ್ಯಾಲ ಇಲ್ಲವಾ."

ಅಮ್ಮ ನನ್ನ ಮುಖ ನೋಡಿ, "ಹಾಲ್‌ನ್ಯಾಗ ಹಿಂಗ ಮಂಚಾ ಕಂಡ್ರ ಬಂದವ್ರು ಏನಂತಾರ, ಕೇಳ ಅವರನ್ನ."

ಅಪ್ಪನೂ ನನ್ನ ಮುಖ ನೋಡಿ, "ಬಂದವ್ರು ಅನ್ನೂದ ಇರ್ಲಿ. ಆಕಿ ಏನಂತಾಳ, ಕೇಳು."

ಕೇಳೋದೇನಿತ್ತು? ಮೂರು ಜನರೂ ಅಲ್ಲೇ ನಿಂತಿದ್ವಿ. ಅಮ್ಮ ಚಪ್ಪಲಿ ಕಾಲಲ್ಲೇ ಒಳಗೆ ಹೋದಳು.

ಫೋನ್‌ನಲ್ಲೂ ಹೀಗೇ ಇತ್ತು ಅಲ್ವಾ. ಹಾಸ್ಟೆಲ್‌ಗೆ ಭಾನುವಾರದ ಕಾಲ್. ಮೊದಲು ಅಮ್ಮ, ಆಮೇಲೆ ಅಪ್ಪ. ಇಬ್ಬರೂ ಒಟ್ಟಿಗೆ ಮಾತಾಡಿದ್ದು ಒಂದು ಸಲವೂ ನೆನಪಿಲ್ಲ. ನೆಟ್‌ವರ್ಕ್ ಪ್ರಾಬ್ಲಮ್ ಅನ್ಕೊಂಡಿದ್ದೆ. ಸ್ಟುಪಿಡ್.

ಸೆಪ್ಟೆಂಬರ್ 23, ಮಂಗಳವಾರ

ಅಪ್ಪ ಕಂಪನಿ ಕ್ಯಾಂಪ್‌ಗೆ, ಕೆಲಸದವರ ಕ್ವಾರ್ಟರ್ಸ್‌ಗೆ ಹೋದ್ರು. ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಅಂತೆ, ಅಲ್ಲೇ ಇರಬೇಕಂತೆ. ಕುಕ್ಕರ್ ತಗೊಂಡು ಹೋಗಿದ್ದಾರೆ.

ಹಲಗೆ ನಾನು ಕೇಳದೇ ಇದ್ದಿದ್ರೆ… 

ಸ್ಪೀಕರ್ ಮುಟ್ಟಿಲ್ಲ.

ಅಕ್ಟೋಬರ್ 4, ಶನಿವಾರ

ಮೇಂಟೆನೆನ್ಸ್ ಮುಗಿದಿದೆ. ಅಪ್ಪನ ಫ್ಯಾಕ್ಟರಿಯವರೊಬ್ಬರ ಮಗಳು ನನ್ನ ಕ್ಲಾಸಲ್ಲೇ ಇದ್ದಾಳೆ, ಅವಳಿಗೆ ಗೊತ್ತು. ಅಪ್ಪ ಬಂದಿಲ್ಲ.

ಇವತ್ತು ಹಲಗೆ ವಾಪಸ್ ನಿಲ್ಲಿಸೋಕೆ ಹೋದೆ. ಎತ್ತೋಕಾಗಲ್ಲ, ಒಂದೊಂದೇ ಮೂಲೆ ಸರಿಸಿ ಸರಿಸಿ ಒಂದನ್ನು ಹಳೇ ಜಾಗಕ್ಕೆ ತಂದೆ. ನಿಂತಿತು. ತೂತಿನೊಳಗೆ ಅಮ್ಮನ ಮುಖ ಬಂತು.

"ಏನ್ ಮಾಡಾಕತ್ತಿ?"

"ವಾಪಸ್ ಹಾಕ್ತಿದ್ದೀನಿ. ಮೊದಲಿನ ಥರ."

"ಯಾರ ಸಲುವಾಗಿ?"

ಹಲಗೆ ಹಿಡಿದುಕೊಂಡೇ ನಾನೂ ಕೇಳಿದೆ. "ಏನು ಜಗಳ ಅಮ್ಮ ನಿಮ್ಮದು?"

"ಜಗಳಾ? ಜಗಳಾ ಆಡಾಕ ಮಾತರ ಬೇಕಲ್ಲವಾ. ನಮ್ಮವು ಮುಗದಾವ." ಆಮೇಲೆ ಎರಡೂ ಕೈಯಿಂದ ಹಲಗೆ ಆ ಕಡೆಯಿಂದ ಹಿಡಿದಳು. "ಬೀಳ್ತೈತಿ, ಸರಿ. ನೀ ಏನ ಮಾಡಬೇಕಂತಿದ್ಯೋ ಅದನ್ನರ ಮಾಡು."

ಮಾಡಿದೆ. ಬೀಳದ ಹಾಗೆ ಹಿಂದೆ ಪಟ್ಟಿ ಬಡಿದೆ. ಗೋಡೆಯಿಂದ ಮೂರಡಿ ಮುಂದಕ್ಕೆ ಎರಡೂ ಹಲಗೆ ನಿಲ್ಲಿಸಿದೆ. ಕೋನ್ ಕೂರಿಸಿ, ವೈರ್ ಕೊಟ್ಟು, ಸಣ್ಣ ಆಂಪ್ಲಿಫೈಯರ್ ಬೋರ್ಡ್‌ಗೆ ಲ್ಯಾಪ್‌ಟಾಪ್ ಚಾರ್ಜರ್ ಹಾಕಿ ಆನ್ ಮಾಡಿದೆ. ಬಂದಿದ್ದು ತಗಡಿನ ಸದ್ದು. ತೆಳು. ಎದುರು ಕೂತರೆ ಯಾರೋ ತಲೆಯೊಳಗೆ ಕೂತು ಪಿಸುಗುಟ್ಟಿದ ಹಾಗೆ.

ಅಫ್ರಾಜ್‌ಗೆ ವಿಡಿಯೋ ಕಾಲ್‌ನಲ್ಲಿ ಕೇಳಿಸಿದೆ. "ಬೇಸ್ ಎಲ್ಲಿ ಮಾರಾಯ್ತಿ? ಕಸ್ಟಮ್ಸ್‌ನವರು ಹಿಡ್ಕೊಂಡ್ರಾ?"

ನಗು ಬರಲಿಲ್ಲ. ಕಟ್ ಮಾಡಿದೆ. ಒಂದು ಮನೆ ಬಿಚ್ಚಿ ಹಾಕಿದ್ದು ಈ ಸದ್ದಿಗಾ?

ಅಕ್ಟೋಬರ್ 16, ಗುರುವಾರ

ಕಾಲೇಜ್ ಗೇಟ್ ಹತ್ತಿರ ಅಪ್ಪನ ಕಾರು. ಸೊರಗಿದ್ದಾರೆ. ಟೀ ಅಂಗಡಿ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದು ಎರಡು ಸ್ಟ್ರಾಂಗ್ ಕರಕ್ ಚಹಾ ತರಿಸಿದರು.

"ಸಲಾಲಾದಾಗ ಕೆಲಸ ಸಿಕ್ಕೈತಿ. ಪೋರ್ಟ್‌ನ್ಯಾಗ. ಇಪ್ಪತ್ತೈದಕ್ಕ ಹೊಂಡ್ತೀನಿ."

ಸಲಾಲಾ. ದೇಶದ ಆ ತುದಿ. ಕಾರಲ್ಲಿ ಹೋದ್ರೆ ಇಡೀ ದಿನ ಬೇಕು.

"ವೀಕೆಂಡ್ ಬರ್ತೀರಾ?"

ಜೇಬಿನಲ್ಲಿ ಚಿಲ್ಲರೆ ಹುಡುಕಿದ್ರು.

"ಅಮ್ಮಂಗೆ ಹೇಳಿದ್ರಾ?"

"ನೀ ಹೇಳು."

"ನಾನ್ ಯಾಕ್ ಹೇಳ್ಲಿ? ಐ ಆಮ್ ನಾಟ್ ಯುವರ್ ಪೋಸ್ಟ್‌ಮ್ಯಾನ್!" ಅಪ್ಪನ ಮೇಲೆ ಕೂಗಿದ್ದು ಇದೇ ಮೊದಲು. ಚಹಾ ತಂದ ಹುಡುಗ ದುಡ್ಡು ತಗೊಳ್ಳದೇ ಹಿಂದೆ ಸರಿದ. ಆದರೂ ಕೇಳಿದೆ — ಎಲ್ಲಾ ಬಯಲಾಗುತ್ತೆ ಅಂತ ಗೊತ್ತಿದ್ದೂ ಆ ಹಲಗೆ ಯಾಕೆ ಕೊಟ್ರಿ ಅಂತ.

ಸ್ಟೀರಿಂಗ್ ಉಜ್ಜುತ್ತಾ ಅಂದ್ರು, "ತಗದ್ರ ಒಂದ ಮನಿ ಆಗ್ತೈತಿ ಅನ್ಕೊಂಡ್ನಿ. ಆಕಿ ಒಂದ ಮಾತು ಬೈದಿದ್ರೂ ಇರ್ತಿದ್ನಿ."

ಏನು ಹೇಳ್ಬೇಕು ಇದಕ್ಕೆ? ಹಾಸ್ಟೆಲ್‌ನಲ್ಲಿ ಇದನ್ನ ಹೇಳಿಕೊಡಲ್ಲ.

ಇಳಿಯೋವಾಗ, "ಸ್ಪೀಕರ್ ಆತೇನು?"

"ಬೇಸ್ ಬರ್ತಿಲ್ಲ."

"ಇದನ್ನ ಹಚ್ಚಿ ನೋಡು," ಅಂತ ಫೋನ್‌ನಿಂದ ಒಂದು ರೆಕಾರ್ಡಿಂಗ್ ಕಳಿಸಿದ್ರು. ಊರಿನ ಭಜನಾ ಮೇಳ. ಅವರೇ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದು.

ಮನೆಗೆ ಬಂದೆ. ಹೇಳೋಣ ಅಂತ ಬಾಯಿ ತೆಗೆದೆ. "ಅಮ್ಮ, ತಿನ್ನೋಕೆ ಏನಿದೆ?" ಅಂತ ಬಂತು.

ಅಕ್ಟೋಬರ್ 23, ಗುರುವಾರ

ಇನ್ನೂ ಹೇಳಿಲ್ಲ. ಅಪ್ಪ ಹೊರಡೋದು ನಾಡಿದ್ದು. ಓದೋಕಾಗಲ್ಲ. ಕೈಗೆ ಏನಾದ್ರೂ ಕೆಲಸ ಬೇಕಿತ್ತು, ಸ್ಪೀಕರ್ ಬಿಚ್ಚಿದೆ.

ಒಂದು ಸಣ್ಣ ಬ್ಯಾಟರಿ ತಗೊಂಡು ವೈರ್‌ಗೆ ತಾಗಿಸಿ ನೋಡಿದೆ. ಎಡಗಡೆ ಕೋನ್ ಹೊರಗೆ ಜಿಗಿಯಿತು. ಬಲಗಡೆಯದು ಒಳಗೆ. ಪ್ಲಸ್ಸು ಮೈನಸ್ಸು ಅದಲುಬದಲು ಕೊಟ್ಟಿದ್ದೆ! ಇದು ತಳ್ಳಿದ್ದನ್ನು ಅದು ಎಳೀತಿತ್ತು. ಬೇಸ್ ಎಲ್ಲಿಂದ ಬರುತ್ತೆ. ಎರಡು ನಿಮಿಷದ ಕೆಲಸಕ್ಕೆ ಮೂರು ವಾರ.

ಸರಿ ಮಾಡಿ ಅಪ್ಪನ ರೆಕಾರ್ಡಿಂಗ್ ಹಾಕಿದೆ.

ಹೇಗೆ ಬರೆಯಲಿ… ಹಲಗೆಯಿಂದ ಸದ್ದು ಬರ್ತಿದೆ ಅಂತಲೇ ಅನ್ನಿಸಲ್ಲ. ಎರಡು ಹಲಗೆಯ ಮಧ್ಯೆ, ಏನೂ ಇಲ್ಲದ ಜಾಗದಲ್ಲಿ, ಒಬ್ಬ ಮುದುಕ ಕೂತು ಹಾಡ್ತಿದ್ದ. ಅವನು ಉಸಿರು ಎಳ್ಕೊಳ್ಳೋದು ಕೇಳಿಸ್ತು. ಚರ್ಮದ ದಮ್ಮಡಿಯ ಬಡಿತ ಸೀದಾ ಎದೆಗೆ. ಹಾಡಿನ ನಡುವೆ ಯಾರೋ ಕೆಮ್ಮಿದ್ರು, ಎಷ್ಟು ಹತ್ತಿರ ಅಂದ್ರೆ ತಿರುಗಿ ನೋಡಿದೆ.

ಅಮ್ಮ ಹಲಗೆಗಳ ಹಿಂದೆ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ಲು. ಯಾವಾಗಿನಿಂದಲೋ. ಅಲ್ಲೂ ಅಷ್ಟೇ ಕೇಳುತ್ತೆ ಅನ್ನೋದು ಮರೆತೇ ಹೋಗಿತ್ತು.

"ನಿಮ್ಮಪ್ಪ ಕೆಮ್ಮಿದ್ದು," ಅಂದ್ಲು. "ಸುಮ್ಮನ ಕುಂದರ್ರಿ ಅಂತ ನಾ ಮೊಣಕೈಲೆ ತಿವಿದಿದ್ನಿ. ಬಾಜೂಕ ನಾನ ಕುಂತಿದ್ನಲ್ಲ."

ಆಗ ಹೇಳಿಬಿಟ್ಟೆ. ಸಲಾಲಾ. ಶನಿವಾರ. ಎಲ್ಲಾ ಒಂದೇ ಉಸಿರಿಗೆ, ಹಾಡಿನ ಮೇಲೇ.

ಅಮ್ಮ ಸೆರಗಿಂದ ಕೈ ಒರೆಸ್ತಾನೇ ಇದ್ಲು. ಹಾಡು ಮುಗೀತು.

"ಇನ್ನೊಮ್ಮೆ ಹಚ್ಚು," ಅಂದ್ಲು.

ಅಕ್ಟೋಬರ್ 24, ಶುಕ್ರವಾರ. ಬೆಳಿಗ್ಗೆ

ಅಮ್ಮ ಇವತ್ತು ಕ್ಲಿನಿಕ್‌ಗೆ ಹೋಗಿಲ್ಲ. ರಜೆ ಹಾಕಿದ್ದೀನಿ ಅಂತಲೂ ಹೇಳಲಿಲ್ಲ. ಬದನೆಕಾಯಿ ಎಣ್ಣೆಗಾಯಿ ಮಾಡ್ತಿದ್ದಾಳೆ. ಈಗ ಅಡುಗೆಮನೆಯಿಂದಲೇ, "ನಿಮ್ಮಪ್ಪ ಊಟಕ್ಕ ಬರ್ತಾರೇನು ಕೇಳು. ರೊಟ್ಟಿ ಹಿಟ್ಟು ನಾದಬೇಕು."

"ನೀನೇ ಫೋನ್ ಮಾಡಮ್ಮಾ. ಪ್ಲೀಸ್."

"ಕೈ ಹಿಟ್ಟಾಗೈತಿ."

ಹೋಗಿ ನೋಡಿದೆ. ಹಿಟ್ಟಿನ ಡಬ್ಬ ಇನ್ನೂ ತೆಗೆದೇ ಇಲ್ಲ. ನಾನು ನೋಡಿದ್ದನ್ನು ಕಂಡು ಅಮ್ಮ ಡಬ್ಬಕ್ಕೆ ಕೈ ಹಾಕಿದಳು.

'ಊಟಕ್ಕೆ ಬರ್ತೀರಾ' ಅಂತ ಕಳಿಸಿದೆ. ನೀಲಿ ಟಿಕ್ ಬಂತು. ಟೈಪಿಂಗ್ ಅಂತ ಬಂತು. ಹೋಯ್ತು. ಮತ್ತೆ ಬಂತು. ಹೋಯ್ತು.

ನಾನು ಕರೀತಿದ್ದೀನಿ ಅನ್ಕೊಂಡಿರಬೇಕು. ಇನ್ನೊಂದು ಕಳಿಸ್ತಿದ್ದೀನಿ. ತಪ್ಪಾಗಬಾರದು, ಮೊದಲು ಇಲ್ಲಿ ಬರೆದು ನೋಡ್ತೀನಿ —

ಅಪ್ಪಾ, ಕೇಳ್ತಿರೋದು ನಾನಲ್ಲ, ಅಮ್ಮ. ಹಿಟ್ಟು ಎಷ್ಟು ಜನಕ್ಕೆ ನಾದಲಿ ಅಂತ ಕೇಳ್ತಿದ್ದಾಳೆ. ಬೇಗ ರಿಪ್ಲೈ ಮಾಡಿ.